ಬಂದಿದ್ದೆಲ್ಲ ಲೆಡ್ಜರಿಗೆ ಹೋಗಲ್ಲ

1/6
ಫೋಟೊದಲ್ಲಿರೋದು ನನ್ನ ಅಕೌಂಟ್ಸ್ ರಫ್ ನೋಟ್. ಗೀಚಾಟ ನೋಡಿ ನಗಬೇಡಿ, ಇವತ್ತಿನ ಕಥೆ ಇದರದ್ದೇ.

ಕಳೆದ ತಿಂಗಳು ರಾತ್ರಿ ಹನ್ನೊಂದೂವರೆಗೆ "ನಾಳೆಯ ಟೆಸ್ಟ್ ಮುಂದಕ್ಕೆ ಹೋಗಿದೆ" ಅನ್ನೋ ಮೆಸೇಜನ್ನ ಕ್ಲಾಸ್ ಗ್ರೂಪಿಗೆ ಹಾಕಿದ್ದು ನಾನೇ. ಅದು ಬೇರೆ ಯಾವುದೋ ಕಾಲೇಜಿನದು. ಪೂರ್ತಿ ಓದಿರಲೇ ಇಲ್ಲ. ರೀಲ್ಸ್, ಕ್ರಿಕೆಟ್ ಸ್ಕೋರು, ಮದುವೆ ಫೋಟೊ, ಅದರ ಮಧ್ಯೆ ಇದೂ ಒಂದು ಬಂತು, ಹಾಗೇ ಫಾರ್ವರ್ಡ್ ಮಾಡಿ ಮಲಗಿದೆ. ಬೆಳಗ್ಗೆ ಗೊತ್ತಾಗಿ ಡಿಲೀಟ್ ಮಾಡೋ ಹೊತ್ತಿಗೆ, ಹಳ್ಳಿಯಿಂದ ಬರೋ ಗೆಳತಿ ಒಬ್ಬಳು ಮೊದಲ ಬಸ್ ಬಿಟ್ಟಿದ್ದಳು. ಅವಳ ಟೆಸ್ಟ್ ತಪ್ಪಿತು. ಅವಳು ಬೈದಿದ್ದರೆ ಸ್ವಲ್ಪ ಹಗುರ ಆಗ್ತಿತ್ತೇನೋ. ಬೈಯಲಿಲ್ಲ.

ಇಷ್ಟೊಂದು ಸುದ್ದಿ ಒಟ್ಟಿಗೆ ಬಂದು ಬೀಳೋದು ನಮ್ಮ ಕಾಲಕ್ಕೇ ಶುರುವಾಗಿದ್ದು ಅಂದ್ಕೊಂಡಿದ್ದೆ. ಅಲ್ಲ.

2/6
1450ರ ದಶಕದಲ್ಲಿ ಜರ್ಮನಿಯ ಮೈನ್ಜ್ ಊರಲ್ಲಿ ಗುಟೆನ್‌ಬರ್ಗ್ ಅಚ್ಚಿನ ಮೊಳೆ ಜೋಡಿಸಿ ಬೈಬಲ್ ಮುದ್ರಿಸಿದ. 1469ಕ್ಕೆ ಮುದ್ರಣ ವೆನಿಸ್ ತಲುಪಿತು. 1500ರ ಒಳಗೇ ಯುರೋಪಿನಲ್ಲಿ ಸುಮಾರು 30 ಸಾವಿರ ಮುದ್ರಣಗಳು ಬಂದಿದ್ದವು. ಒಂದು ಪುಸ್ತಕ ಕೈಯಲ್ಲಿ ನಕಲು ಮಾಡೋಕೆ ತಿಂಗಳುಗಟ್ಟಲೆ ಹಿಡೀತಿದ್ದ ಜನಕ್ಕೆ ಇದು ಹೇಗಾಗಿರಬೇಕು ಯೋಚಿಸಿ.

1545ರಲ್ಲಿ ಜ್ಯೂರಿಕ್‌ನ ಕಾನ್ರಾಡ್ ಗೆಸ್ನರ್ ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳ ಸುಮಾರು 10 ಸಾವಿರ ಕೃತಿಗಳ ಪಟ್ಟಿ ಪ್ರಕಟಿಸಿದ. ಪುಸ್ತಕಗಳು ಅತಿಯಾಗಿ ಜನರನ್ನ ಗೊಂದಲಕ್ಕೆ ತಳ್ತಿವೆ ಅನ್ನೋದು ಅವನ ದೂರು. ಆದರೆ ದೂರು ಹೇಳಿ ಸುಮ್ಮನೆ ಕೂರಲಿಲ್ಲ. ಓದಿದ್ದನ್ನ ಹಾಳೆಯಲ್ಲಿ ಬರ್ಕೊಳ್ಳಿ, ಕತ್ತರಿಯಲ್ಲಿ ಚೀಟಿ ಚೀಟಿ ಮಾಡಿ, ವಿಷಯದ ಪ್ರಕಾರ ಜೋಡಿಸಿ ಅಂಟಿಸಿ ಅಂತ ವಿಧಾನ ಬರೆದಿಟ್ಟ. ನಮ್ಮ ಕಟ್-ಪೇಸ್ಟ್ ಆಗ ನಿಜವಾದ ಕತ್ತರಿ, ನಿಜವಾದ ಅಂಟು.

3/6
ಈಗ ನಮ್ಮ ಸಬ್ಜೆಕ್ಟಿಗೆ ಬನ್ನಿ. ಲೂಕಾ ಪಾಚಿಯೋಲಿ ಹೆಸರನ್ನ ಮೊದಲ ಸೆಮಿಸ್ಟರಲ್ಲಿ ಒಂದು ಮಾರ್ಕಿಗೆ ಬಾಯಿಪಾಠ ಮಾಡಿದ್ವಿ. ಪಾದ್ರಿ, ಗಣಿತದ ಮೇಷ್ಟ್ರು. 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಅವನ ಗಣಿತ ಪುಸ್ತಕದ ಒಂದು ಭಾಗದಲ್ಲಿ ಡಬಲ್ ಎಂಟ್ರಿ ಇದೆ. ಅವನು ಕಂಡುಹಿಡಿದಿದ್ದಲ್ಲ, ವೆನಿಸ್ ವ್ಯಾಪಾರಿಗಳು ಆಗಲೇ ಮಾಡ್ತಿದ್ದದ್ದನ್ನ ಬರೆದಿಟ್ಟ.

ಅವನು ಹೇಳೋದು ಮೂರು ಪುಸ್ತಕ. ಮೊದಲನೇದು ಮೆಮೊರಿಯಲ್. ದಿನವಿಡೀ ನಡೆದ ಸಣ್ಣದು, ದೊಡ್ಡದು ಎಲ್ಲಾ ಅದರಲ್ಲಿ. ಬರೆಯೋಕೆ ಬಂದರೆ ಮನೆಯವರೂ ಬರೀಬಹುದು, ಯಾವ ನಾಣ್ಯದಲ್ಲಿ ಬಂತೋ ಅದೇ ನಾಣ್ಯದಲ್ಲಿ. ಎರಡನೇದು ಜರ್ನಲ್. ಇಲ್ಲಿ ಲೆಕ್ಕ ಬರೆಯೋರು ಕೂತು, ಎಲ್ಲವನ್ನ ಒಂದೇ ನಾಣ್ಯಕ್ಕೆ ತಂದು, ಡೆಬಿಟ್ ಯಾರು, ಕ್ರೆಡಿಟ್ ಯಾರು ಅಂತ ಬಿಡಿಸಿ ಬರೀಬೇಕು. ಮೂರನೇದು ಲೆಡ್ಜರ್. ಒಂದು ಪುಸ್ತಕದಿಂದ ಮುಂದಿನದಕ್ಕೆ ಹೋದ ಮೇಲೆ ಹಳೇ ಎಂಟ್ರಿ ಮೇಲೆ ಗೆರೆ.

ಗಮನಿಸಿ, ಬರೋದನ್ನ ಯಾರೂ ತಡೀತಿಲ್ಲ. ಮೆಮೊರಿಯಲ್ ಬಾಗಿಲು ತೆರೆದೇ ಇದೆ. ಆದರೆ ಲೆಡ್ಜರಿಗೆ ಹೋಗಬೇಕಂದ್ರೆ ಮಧ್ಯೆ ಒಬ್ಬರು ಕೂತು ನೋಡಲೇಬೇಕು.

4/6
ಇಂಗ್ಲಿಷರು ಈ ಮೊದಲ ಪುಸ್ತಕಕ್ಕೆ ಇಟ್ಟ ಹೆಸರು ವೇಸ್ಟ್ ಬುಕ್. 18ನೇ ಶತಮಾನದಲ್ಲಿ ಜರ್ಮನಿಯ ಗೋಟಿಂಗೆನ್‌ನಲ್ಲಿ ಭೌತಶಾಸ್ತ್ರ ಕಲಿಸ್ತಿದ್ದ ಲಿಶ್ಟೆನ್‌ಬರ್ಗ್ ಇದನ್ನ ನೋಡಿ, ಓದುವವರೂ ವ್ಯಾಪಾರಿಗಳ ಹಾಗೇ ಮಾಡಬೇಕು ಅಂದ. 1765ರ ಸುಮಾರಿನಿಂದ 1799ರಲ್ಲಿ ಸಾಯೋ ತನಕ ಅಂಥ ನೋಟ್‌ಬುಕ್ಕುಗಳನ್ನ ಇಟ್ಟ. ನೋಡಿದ್ದು, ಓದಿದ್ದು, ತಲೆಗೆ ಹೊಳೆದದ್ದು ಎಲ್ಲಾ ಅದರಲ್ಲಿ. ಒಂದೊಂದಕ್ಕೆ ಎ, ಬಿ, ಸಿ ಅಂತ ಅಕ್ಷರದ ಹೆಸರು. ಅವನು ಸತ್ತ ಮೇಲೆ ಅವು ಅಚ್ಚಾದವು.

5/6
ದೂರದ ಊರಿನ ಕಥೆ ಸಾಕು ಅಂತೀರಾ? ನಮ್ಮಲ್ಲೂ ಇತ್ತು. ಕಡತ ಅಂದರೆ ಈಗ ಆಫೀಸ್ ಫೈಲು. ಹಿಂದೆ ಕಡತ ಅಂದರೆ ಬಟ್ಟೆ ಪುಸ್ತಕ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಮಡಚಿ ಇಟ್ಕೊಂಡು, ಬಳಪದಲ್ಲಿ ಬರೀತಿದ್ದರು. ಲೆಕ್ಕಪತ್ರಕ್ಕೆಲ್ಲ ಅದೇ. ಶೃಂಗೇರಿ ಮಠದ ಕಡತಗಳು ಇವತ್ತಿಗೂ ಇತಿಹಾಸ ಬರೆಯುವವರಿಗೆ ಆಧಾರ. ಬೇಡವಾದ್ದನ್ನ ಅದರಲ್ಲಿ ಒರೆಸಿಬಿಡಬಹುದಿತ್ತು.

ಹಳೇ ಅಂಗಡಿಗಳಲ್ಲಿ ಕಿರ್ದಿ, ಖಾತೆ ಅಂತ ಇತ್ತಲ್ಲ, ಅದೂ ಇದೇ ಲೆಕ್ಕ. ದಿನದ್ದು ಕಿರ್ದಿಗೆ, ಅಲ್ಲಿಂದ ವಿಂಗಡಿಸಿ ಖಾತೆಗೆ. ಮನೇಲಿ ಅಜ್ಜನೋ ದೊಡ್ಡಪ್ಪನೋ ಅಂಗಡಿ ಇಟ್ಟಿದ್ದರೆ ಕೇಳಿ ನೋಡಿ.

6/6
ನನ್ನ ತಪ್ಪು ಎಲ್ಲಿ ಅಂತ ಈಗ ಕಾಣ್ತಿದೆ. ವೇಸ್ಟ್ ಬುಕ್ಕಲ್ಲಿ ಇರಬೇಕಾದ ಒಂದು ಸಾಲನ್ನ ನೇರ ಲೆಡ್ಜರಿಗೆ ಬರೆದೆ, ಅದೂ ನನ್ನದಲ್ಲ, ಅರವತ್ತು ಜನರ ಲೆಡ್ಜರಿಗೆ. ವೋಚರ್ ಇಲ್ಲದೆ ಎಂಟ್ರಿ ಮಾಡಬೇಡಿ ಅಂತ ಕ್ಲಾಸಲ್ಲಿ ಎಷ್ಟು ಸಲ ಕೇಳಿದೀವಿ!

ಒಂದು ವ್ಯತ್ಯಾಸ ಒಪ್ಕೋಬೇಕು. ಆ ವ್ಯಾಪಾರಿಯ ಮೆಮೊರಿಯಲ್ ತುಂಬಿಸ್ತಿದ್ದವರು ಅವನ ಮನೆಯವರು, ಕೆಲಸದವರು. ನಮ್ಮ ಫೀಡ್ ತುಂಬಿಸೋದು ಗುರುತಿಲ್ಲದವರು, ಜೊತೆಗೆ ನಾವು ಸ್ಕ್ರೋಲ್ ನಿಲ್ಲಿಸಬಾರದು ಅಂತ ಬಯಸೋ ಆ್ಯಪ್. ಅದಕ್ಕೆ ಕೆಲವು ಗ್ರೂಪ್ ಮ್ಯೂಟ್ ಮಾಡಿದೀನಿ.

ಉಳಿದದ್ದಕ್ಕೆ ಈ ರಫ್ ನೋಟ್. ಹಗಲಲ್ಲಿ ಕಂಡದ್ದು ಒಂದೊಂದು ಸಾಲು. ರಾತ್ರಿ ಊಟ ಆದ್ಮೇಲೆ ಹತ್ತು ನಿಮಿಷ ಕೂತು ಮೂರು ಪ್ರಶ್ನೆ: ಯಾರು ಹೇಳಿದ್ದು? ಯಾವತ್ತಿನದು? ನನಗೆ ಯಾಕೆ ಬೇಕು? ಉತ್ತರ ಇದ್ದರೆ ಒಳ್ಳೇ ನೋಟ್‌ಬುಕ್ಕಿಗೆ, ಇಲ್ಲದಿದ್ದರೆ ಗೆರೆ. ಫೋಟೊ ಝೂಮ್ ಮಾಡಿ ನೋಡಿ, ಒಂದು ಪುಟದಲ್ಲಿ ಇಪ್ಪತ್ತಮೂರು ಸಾಲು, ದಾಟಿದ್ದು ಎರಡೇ. ಇನ್ನು ಕಾಲೇಜಿನ ಸುದ್ದಿ ಆದರೆ, ನೋಟಿಸ್ ಬೋರ್ಡ್ ನೋಡದೆ ಗ್ರೂಪಿಗೆ ಹಾಕಲ್ಲ.

ಆ ಗೆಳತಿ ಇದನ್ನ ಓದ್ತಾಳೆ ಅಂತ ಗೊತ್ತು. ಸಾರಿ ಕಣೇ. ಮರುಪರೀಕ್ಷೆಗೆ ಕೇಳೋಕೆ ಸೋಮವಾರ ನಾನೂ ನಿನ್ನ ಜೊತೆ ಬರ್ತೀನಿ, ಮೆಸೇಜ್ ಹಾಕಿದ್ದು ನಾನು ಅಂತ ಮೇಡಂ ಎದುರೇ ಹೇಳ್ತೀನಿ.

ನೀವು ಇವತ್ತು ನೋಡಿದ್ದರಲ್ಲಿ ಲೆಡ್ಜರಿಗೆ ಹೋಗೋದು ಯಾವುದು? ಒಂದೇ ಒಂದು ಕಾಮೆಂಟಲ್ಲಿ ಹೇಳಿ.

#ಹಳೇಲೆಕ್ಕ #ಬಿಕಾಂಹುಡುಗರು #ಇತಿಹಾಸ #ಕನ್ನಡ