ಹಳೆಯ ಸೇನಾ ಲಾರಿಗಳು: ಎಂಜಿನ್ನು, ಸೈಲೆನ್ಸರು

ಭಾಂಡುಪ್ ಪಶ್ಚಿಮದಲ್ಲಿ ಹಾದುಹೋಗುವ ಲಾಲ್ ಬಹಾದೂರ್ ಶಾಸ್ತ್ರಿ ಮಾರ್ಗವು ಹಿಂದೆ ಮುಂಬಯಿ–ಆಗ್ರಾ ರಸ್ತೆಯಾಗಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮುಂಬಯಿಯಿಂದ ಠಾಣೆಯ ಮೂಲಕ ದೇವಳಾಲಿಯ ಸೇನಾ ಶಿಬಿರದತ್ತ ಸಾಗುವ ಹೆದ್ದಾರಿ ಇದೇ.

ಆ ಯುದ್ಧದ ಲಾರಿಗಳಲ್ಲಿ ಕೆನಡಾದವು ವಿಶಿಷ್ಟವಾದವು. ಫೋರ್ಡ್ ಮತ್ತು ಷೆವ್ರೊಲೆ ಎಂಬ ಪ್ರತಿಸ್ಪರ್ಧಿಗಳು ಒಂದೇ ಸೇನಾ ಮಾದರಿಗೆ ಬದ್ಧರಾಗಿ ನಾಲ್ಕು ಲಕ್ಷಕ್ಕೂ ಮಿಕ್ಕಿ ಮೊಂಡುಮೂಗಿನ ವಾಹನಗಳನ್ನು ನಿರ್ಮಿಸಿದರು. ಹೊರನೋಟಕ್ಕೆ ಅವು ಅವಳಿಗಳು. ಬಾನೆಟ್ಟಿನ ಒಳಗೆ ಹಾಗಲ್ಲ. ಷೆವ್ರೊಲೆಯದು ಸಾಲಾಗಿ ಆರು ಸಿಲಿಂಡರುಗಳ, 216 ಘನ ಅಂಗುಲದ, 85 ಅಶ್ವಶಕ್ತಿಯ ಎಂಜಿನ್. ಫೋರ್ಡಿನದು 239 ಘನ ಅಂಗುಲದ, 95 ಅಶ್ವಶಕ್ತಿಯ ವಿ-8. ಬಲದಲ್ಲಿ ಫೋರ್ಡ್ ಮುಂದು, ತಾಳ್ಮೆಯಲ್ಲಿ ಷೆವ್ರೊಲೆ. ವಿ-8ರಲ್ಲಿ ಹೊಗೆಯ ದಾರಿಗಳು ಎಂಜಿನ್ ಬ್ಲಾಕಿನ ಒಳಗಿಂದಲೇ, ತಂಪುನೀರಿನ ನಡುವೆ ಹಾಯ್ದು ಹೊರಬರುತ್ತವೆ. ನಡುವಿನ ಎರಡು ಸಿಲಿಂಡರುಗಳಿಗೆ ಒಂದೇ ಬಾಯಿ. ಸೈಲೆನ್ಸರು ಮಸಿಯಿಂದ ಕಟ್ಟಿಕೊಂಡರೆ, ಇಲ್ಲವೆ ಅದರ ಕೊಳವೆ ಕಿರಿದಾಗಿದ್ದರೆ, ಬಿಸಿ ಅನಿಲ ಒಳಗೇ ತಡೆದು ರೇಡಿಯೇಟರಿನ ನೀರು ಕುದಿಯುತ್ತದೆ. ಅಮೆರಿಕದ ಪುಸ್ತಕಗಳು ಈ ಭಾಗವನ್ನು ‘ಮಫ್ಲರ್’ ಎನ್ನುತ್ತವೆ. ನಮ್ಮವರಿಗೆ ಮಫ್ಲರ್ ಎಂದರೆ ಕೊರಳಿಗೆ ಸುತ್ತುವುದು, ಅದೂ ಮುಂಬಯಿಯಲ್ಲಿ ಬೇಕಾಗದ್ದು. ಸೈಲೆನ್ಸರೆಂಬ ಮಾತೇ ಇರಲಿ.

ಯುದ್ಧ ಮುಗಿದ ಮೇಲೆ ಹೆಚ್ಚುವರಿ ಲಾರಿಗಳು ಮಾರಾಟವಾಗಿ ಸರಕು ಸಾಗಿಸುವವರ ಕೈಸೇರಿದವು. ಆದರೆ 1953ರಲ್ಲಿ ಸುಂಕ ಆಯೋಗವು, ದೇಶದಲ್ಲೇ ತಯಾರಿಸುವ ಯೋಜನೆಯುಳ್ಳ ಕಂಪನಿಗಳು ಮಾತ್ರ ಉಳಿಯಲಿ ಎಂದಿತು. ಬಿಡಿಭಾಗ ತರಿಸಿ ಜೋಡಿಸುತ್ತಿದ್ದ ಫೋರ್ಡ್ ಮತ್ತು ಶಿವಡಿಯ ಜನರಲ್ ಮೋಟಾರ್ಸ್ ಹೊರನಡೆದವು. ಅದೇ ದಶಕದಲ್ಲಿ ಮದರಾಸಿನ ಸಿಂಪ್ಸನ್ ಕಂಪನಿಯು ಪರ್ಕಿನ್ಸ್ ಪಿ-6 ಡೀಸೆಲ್ ಎಂಜಿನ್ನುಗಳನ್ನು ತಯಾರಿಸತೊಡಗಿತ್ತು. ಮೂಲ ಎಂಜಿನ್ ಸವೆದ ಲಾರಿಗಳಿಗೆ ಡೀಸೆಲ್ ಹೃದಯ ಬಂದದ್ದು ಹೀಗೆ. ಪೆಟ್ರೋಲಿನ ಕಾಲದ ಸಣ್ಣ ಕೊಳವೆಯನ್ನೇ ಉಳಿಸಿಕೊಂಡವರ ಗಾಡಿ ಏರಿನಲ್ಲಿ ಕಪ್ಪು ಹೊಗೆ ಕಾರುತ್ತಿತ್ತು: ಹೊಗೆ ಹೊರಹೋಗದ ಸಿಲಿಂಡರಿಗೆ ಹೊಸ ಗಾಳಿ ಹಿಡಿಸದು.

ಸೇನೆಯೂ ಡೀಸೆಲ್ಲಿಗೆ ತಿರುಗಿತು. ಕೃಷ್ಣ ಮೆನನ್ ರಕ್ಷಣಾ ಸಚಿವರಾಗಿದ್ದಾಗ, ಜರ್ಮನಿಯ ಮಾನ್ ಕಂಪನಿಯ ಪರವಾನಗಿಯಲ್ಲಿ ಜಬಲ್‌ಪುರದಲ್ಲಿ ‘ಶಕ್ತಿಮಾನ್’ ತಯಾರಾಗತೊಡಗಿತು, 1996ರವರೆಗೂ ನಡೆಯಿತು. ಪಿಸ್ಟನ್ನಿನ ಗುಂಡನೆಯ ಕುಳಿಯ ಗೋಡೆಗೆ ಇಂಧನ ಸಿಂಪಡಿಸಿ ಬಡಿತವನ್ನು ತಗ್ಗಿಸುವುದು ಮಾನ್‌ನವರ ವಿಧಾನ. ಅಂದರೆ ಸದ್ದು ತಗ್ಗಿಸುವ ಕೆಲಸದ ಒಂದು ಪಾಲನ್ನು ಎಂಜಿನ್ನೇ ವಹಿಸಿಕೊಂಡಿತ್ತು.

ಈಗ ಹಳೆಯ ಲಾರಿಗಳನ್ನು ದುರಸ್ತಿ ಮಾಡುವವರು ‘ಅಸಲಿ ರೂಪ’ದ ಹಟದಲ್ಲಿ ಆ ಡೀಸೆಲ್ ಎಂಜಿನ್ನನ್ನು ಗುಜರಿಗೆ ಹಾಕಿ, ಹೊರದೇಶದಿಂದ ವಿ-8 ತರಿಸುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಯುದ್ಧದಲ್ಲಿ ಆ ಲಾರಿ ದುಡಿದದ್ದು ಕೆಲವೇ ವರ್ಷ. ನಮ್ಮ ರಸ್ತೆಗಳಲ್ಲಿ ಅದಕ್ಕಿಂತ ಹೆಚ್ಚು ಕಾಲ. ಸೈಲೆನ್ಸರು ಹೇಗೂ ಉಳಿದಿರುವುದಿಲ್ಲ. ಒಳಗೆ ತಂಗಿದ ನೀರು, ಹೊರಗೆ ನಾಲ್ಕು ತಿಂಗಳ ಮಳೆ ಸೇರಿ ಅದನ್ನು ಮೊದಲೇ ತಿಂದಿರುತ್ತವೆ. ಅದನ್ನು ಹೊಸದಾಗಿ ಮಾಡಿಸುವಾಗ ಅಳತೆಯನ್ನು ಕೆನಡಾದ ಕೈಪಿಡಿಯಿಂದಲ್ಲ, ಗಾಡಿಯಲ್ಲಿ ಕುಳಿತಿರುವ ಆ ಪರ್ಕಿನ್ಸ್‌ನಿಂದಲೇ ತೆಗೆದುಕೊಳ್ಳಬೇಕು.