ರೇಷ್ಮೆ ನೂಲು ಮತ್ತು ಬಡವನ ಒಲೆ

ಜಾಗತೀಕರಣವೆಂಬುದು 1991ರ ನಂತರ ನಮ್ಮ ಬಾಗಿಲಿಗೆ ಬಂದದ್ದು ಎಂದೇ ನಾವು ನಂಬಿದ್ದೇವೆ. ಹಳೆ ಮೈಸೂರಿನ ರೇಷ್ಮೆಯ ಇತಿಹಾಸದ ಮುಂದೆ ಈ ನಂಬಿಕೆ ನಿಲ್ಲುವುದಿಲ್ಲ. ಜಪಾನ್ ಮತ್ತು ಚೀನಾದ ನೂಲಿನ ಬೆಲೆ ಇಲ್ಲಿನ ಬಡವನ ಒಲೆಯ ಮೇಲೆ ಪರಿಣಾಮ ಬೀರತೊಡಗಿ ತೊಂಬತ್ತು ವರ್ಷ ದಾಟಿದೆ.

ಮೈಸೂರು ಸೀಮೆಯಲ್ಲಿ ರೇಷ್ಮೆ ಕೃಷಿಗೆ ನೆಲೆ ಒದಗಿಸಿದವನು ಟಿಪ್ಪು ಸುಲ್ತಾನ್. 1780ರ ದಶಕದಲ್ಲಿ ಅವನು ಬಂಗಾಳದಿಂದ ಹುಳುಗಳನ್ನು ತರಿಸಿ, ರಾಜ್ಯದಲ್ಲಿ 21 ಕಡೆ ಸಾಕಣೆಗೆ ಏರ್ಪಾಡು ಮಾಡಲು ಆಜ್ಞಾಪಿಸಿದನು. ಟಿಪ್ಪುವಿನ ಕುರಿತ ವಾಗ್ವಾದಗಳಲ್ಲಿ ಕತ್ತಿಯ ಮಾತೇ ಹೆಚ್ಚು, ಹಿಪ್ಪುನೇರಳೆಯ ಮಾತು ಕಡಿಮೆ. ಹಾಗೆಂದು ಅವನ ಉದ್ದೇಶ ಬಡತನ ನಿವಾರಣೆಯೇ ಆಗಿತ್ತೆಂದು ಹೇಳಿದರೆ ಅದು ಅಭಿಮಾನದ ಮಾತಾದೀತು. ವ್ಯಾಪಾರದ ಲಾಭ ಕಂಪೆನಿಯ ಪಾಲಾಗದೆ ತನ್ನ ಖಜಾನೆಗೆ ಬರಬೇಕೆಂಬ ಲೆಕ್ಕಾಚಾರ ಅವನದಾಗಿತ್ತು. ಆದರೆ ಆ ಬೆಳೆ ಅವನ ನಂತರವೂ ಉಳಿದು ಸಣ್ಣ ಹಿಡುವಳಿದಾರರ ಕೈ ಸೇರಿತು.

ಅದಕ್ಕೆ ಕಾರಣವಿದೆ. ಹುಳು ಮೊಟ್ಟೆಯಿಂದ ಹೊರಬಂದು ಗೂಡು ಕಟ್ಟಲು ಹೆಚ್ಚುಕಡಿಮೆ ಒಂದು ತಿಂಗಳು ಸಾಕು. ವರ್ಷಕ್ಕೊಮ್ಮೆ ರಾಗಿ ಕೊಯ್ಯುವ ರೈತನಿಗೆ ವರ್ಷದಲ್ಲಿ ನಾಲ್ಕೈದು ಬಾರಿ ನಗದು ಕಾಣುವ ಅವಕಾಶ ಇದರಿಂದ ಸಿಕ್ಕಿತು. ಸೊಪ್ಪು ಕೊಯ್ಯುವುದು, ಹುಳು ಸಾಕುವುದು, ಚಂದ್ರಿಕೆಗೆ ಬಿಡುವುದು, ಇದರಲ್ಲಿ ಬಹುಪಾಲು ಮನೆಯ ಹೆಂಗಸರ ದುಡಿಮೆ.

1896ರಲ್ಲಿ ಜಮ್‌ಶೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ರೇಷ್ಮೆ ಫಾರ್ಮ್ ತೆರೆದು ಜಪಾನಿನ ತಜ್ಞರನ್ನು ಕರೆಸಿದರು. ಕಲಿಸಲು ಬಂದ ದೇಶವೇ ಮುಂದೆ ಪ್ರತಿಸ್ಪರ್ಧಿಯಾಯಿತು. 1930ರ ದಶಕದ ಮಹಾ ಆರ್ಥಿಕ ಕುಸಿತದ ವೇಳೆ ಜಪಾನ್ ಮತ್ತು ಚೀನಾದ ಅಗ್ಗದ ನೂಲು ಇಲ್ಲಿನ ಮಾರುಕಟ್ಟೆಗೆ ನುಗ್ಗಿತು. 1933ರಲ್ಲಿ ಸುಂಕ ಮಂಡಳಿ ವಿಚಾರಣೆ ನಡೆಸಿತು, ಮರುವರ್ಷ ರಕ್ಷಣಾ ಸುಂಕ ಬಂತು. ಈ ಉದ್ಯಮಕ್ಕೆ ನಿಜವಾಗಿ ಉಸಿರು ಕೊಟ್ಟದ್ದು ಮಾತ್ರ ಸುಂಕವಲ್ಲ, ಎರಡನೆಯ ಮಹಾಯುದ್ಧ. ಜಪಾನಿನ ಆಮದು ನಿಂತಿತು, ಪ್ಯಾರಾಚೂಟಿಗೆ ರೇಷ್ಮೆ ಬೇಕಾಯಿತು!

ಸ್ವಾತಂತ್ರ್ಯಾನಂತರ 1949ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ಸ್ಥಾಪನೆಯಾಯಿತು. 1959ರ ರಾಜ್ಯ ಕಾಯ್ದೆಯ ನೆರಳಿನಲ್ಲಿ ಸರಕಾರಿ ಗೂಡಿನ ಮಾರುಕಟ್ಟೆಗಳು ಬೆಳೆದು, ಬಹಿರಂಗ ಹರಾಜಿನಲ್ಲಿ ಗೂಡು ಮಾರುವ ವ್ಯವಸ್ಥೆ ನೆಲೆಗೊಂಡಿತು. ರೈತನಿಗೆ ಇದರಿಂದ ಉಪಕಾರವಾದದ್ದು ನಿಜ.

ಆದರೆ ಗೂಡು ಕೊಂಡವರ ಕಥೆಯೇನು? ರಾಮನಗರ, ಶಿಡ್ಲಘಟ್ಟಗಳಲ್ಲಿ ನೂಲು ತೆಗೆಯುವ ರೀಲರ್‌ಗಳಲ್ಲಿ ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಗೂಡಿನ ಬೆಲೆ ಏರಿದರೂ ನೂಲಿನ ಬೆಲೆ ಇಳಿದರೂ ಪೆಟ್ಟು ಅವರಿಗೇ. ಆ ಪೆಟ್ಟನ್ನು ಸಣ್ಣ ರೀಲರ್ ದಾಟಿಸಿದ್ದು ತನಗಿಂತ ಬಡವರ ಮೇಲೆ. ಮುಂಗಡ ಸಾಲಕ್ಕೆ ಕಟ್ಟುಬಿದ್ದ ಮಕ್ಕಳು ಕುದಿನೀರಿನ ಗೂಡುಗಳಿಗೆ ಕೈ ಹಾಕುತ್ತಿದ್ದುದನ್ನು 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯ ವರದಿ ದಾಖಲಿಸಿತು. ಅಗ್ಗದ ನೂಲಿನೊಂದಿಗೆ ಪೈಪೋಟಿ ಮಾಡುವುದೆಂದರೆ ಇದೂ ಹೌದು. ದುಡಿಸಿದವರಲ್ಲಿಯೂ ದುಡಿದವರಲ್ಲಿಯೂ ನಮ್ಮವರಿದ್ದರು ಎಂಬುದನ್ನು ನಾವು ಬಚ್ಚಿಡಬೇಕಾಗಿಲ್ಲ.

ಆ ಹೊತ್ತಿಗೆ ಚೀನಾ ವಿಶ್ವ ವ್ಯಾಪಾರ ಸಂಘಟನೆಯ ಸದಸ್ಯ ರಾಷ್ಟ್ರವಾಗಿತ್ತು. 2003ರಲ್ಲಿ ಭಾರತವು ಚೀನಾದ ಕಚ್ಚಾ ರೇಷ್ಮೆಯ ಮೇಲೆ ಸುರಿ-ವಿರೋಧಿ ಸುಂಕ ವಿಧಿಸಿತು. 2011ರ ಬಜೆಟ್ಟಿನಲ್ಲಿ ಆಮದು ಸುಂಕವನ್ನು ಶೇ. 30ರಿಂದ 5ಕ್ಕೆ ಇಳಿಸಲಾಯಿತು. ಗೂಡಿನ ಬೆಲೆ ಕುಸಿದು ರೈತರು ಬೀದಿಗಿಳಿದರು. 2013ರಲ್ಲಿ ಅದನ್ನು ಶೇ. 15ಕ್ಕೆ ಏರಿಸಲಾಯಿತು. ಹಿಪ್ಪುನೇರಳೆಯೋ ಒಮ್ಮೆ ನೆಟ್ಟರೆ ಹತ್ತಾರು ವರ್ಷ ಸೊಪ್ಪು ಕೊಡುವ ಗಿಡ. ಎರಡು ವರ್ಷಕ್ಕೊಮ್ಮೆ ಬದಲಾಗುವ ಸುಂಕವನ್ನು ನಂಬಿ ಅದನ್ನು ನೆಡುವುದು ಹೇಗೆ?

ಸುಂಕ ಏರಿಸಿದರೆ ಎಲ್ಲವೂ ಸರಿಹೋಗುತ್ತದೆ ಎನ್ನುವವರು ಬನಾರಸಿನ ಕಡೆಗೂ ಒಮ್ಮೆ ನೋಡಬೇಕು. ಅಲ್ಲಿನ ಅನ್ಸಾರಿ ನೇಕಾರರು ಮಗ್ಗಕ್ಕೆ ಬಳಸುವುದು ಬಹಳಷ್ಟು ಚೀನಾದ ನೂಲನ್ನೇ. ಅದು ಏಕರೂಪವಾಗಿರುತ್ತದೆ, ಹಾಸಿನಲ್ಲಿ ತುಂಡಾಗುವುದು ಕಡಿಮೆ. ರಾಮನಗರದ ರೀಲರ್ ಬಯಸುವ ಸುಂಕ ಬನಾರಸಿನ ನೇಕಾರನ ಕೂಲಿಯನ್ನು ಕಡಿಯುತ್ತದೆ. ಚರಕದ ನೂಲು ಆ ಗುಣಮಟ್ಟಕ್ಕೆ ಏರುವುದಿಲ್ಲ, ಏರುವ ಸ್ವಯಂಚಾಲಿತ ಯಂತ್ರವನ್ನು ಕೊಳ್ಳುವಷ್ಟು ಬಂಡವಾಳ ಚರಕ ತಿರುಗಿಸುವವನಲ್ಲಿ ಇಲ್ಲ.