ಕಾರವಾರದ ಕೊಲ್ಲಿ: ಮೆಣಸಿನಿಂದ ಯುದ್ಧನೌಕೆಯವರೆಗೆ

ರವೀಂದ್ರನಾಥ ಟಾಗೋರರು ಕಾರವಾರದ ಕಡಲಿಗೆ ಮನಸೋತಿದ್ದರೆಂಬುದು ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಅಲ್ಲಿಗೆ ಹೋಗುವ ಪ್ರವಾಸಿಗರಿಗೆಲ್ಲ ಗೊತ್ತು. ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1880ರ ದಶಕದ ಆರಂಭದಲ್ಲಿ ಬಂದು ತಂಗಿದ್ದ ತರುಣ ಕವಿ 'ಪ್ರಕೃತಿರ್ ಪ್ರತಿಶೋಧ' ನಾಟಕ ಬರೆದದ್ದು ಇಲ್ಲಿಯೇ. ಆದರೆ ಈ ಕೊಲ್ಲಿಯ ಮೇಲೆ ಕಣ್ಣಿಟ್ಟವರಲ್ಲಿ ಕವಿಗಳಿಗಿಂತ ವ್ಯಾಪಾರಿಗಳೇ ಹೆಚ್ಚು.

ಭೂಪಟ ನೋಡಿದರೆ ಕಾರಣ ತಿಳಿಯುತ್ತದೆ. ಉತ್ತರಕ್ಕೆ ಕಾಳಿ ನದಿಯ ಅಳಿವೆ, ಅದರಾಚೆಯ ದಡದಲ್ಲಿ ಸದಾಶಿವಗಡ. ದಕ್ಷಿಣಕ್ಕೆ ಸಮುದ್ರದೊಳಕ್ಕೆ ಚಾಚಿದ ಗುಡ್ಡ. ಅದರ ಮಗ್ಗುಲಲ್ಲಿ ಬೈತಖೋಲ ಬಂದರು. ನೈರುತ್ಯದ ಮುಂಗಾರು ಅಪ್ಪಳಿಸುವಾಗ ಈ ಗುಡ್ಡವೇ ಅಡ್ಡಗೋಡೆ. ಎದುರಿಗೆ ಕೂರ್ಮಗಡ, ದೇವಗಡ ದ್ವೀಪಗಳ ಕಾವಲು. ಮಳೆಗಾಲದಲ್ಲೂ ಹಡಗಿಗೆ ಆಸರೆ ನೀಡುವ ಇಂಥ ನೈಸರ್ಗಿಕ ಬಂದರು ಪಶ್ಚಿಮ ಕರಾವಳಿಯಲ್ಲಿ ಅಪರೂಪ.

ಇಂಗ್ಲಿಷರ ಕೋರ್ಟೀನ್ ಸಂಘ 1638ರಲ್ಲಿ ಇಲ್ಲಿ ಕೋಠಿ ತೆರೆಯಿತು. ಘಟ್ಟದಿಂದ ಮೆಣಸು, ಹುಬ್ಬಳ್ಳಿ ಕಡೆಯಿಂದ ನಯವಾದ ಬಟ್ಟೆ ಇಳಿದು ಬರುತ್ತಿದ್ದವು. 1665ರಲ್ಲಿ ಬಂದ ಶಿವಾಜಿಯು ಊರಿನಿಂದ ಕಪ್ಪ ವಸೂಲು ಮಾಡಿದಾಗ ಇಂಗ್ಲಿಷರು ತೆತ್ತ ಪಾಲು 112 ಪೌಂಡು!

ಇನ್ನೂರು ವರ್ಷಗಳ ನಂತರ ಮೆಣಸಿನ ಜಾಗಕ್ಕೆ ಹತ್ತಿ ಬಂತು. ಅಮೆರಿಕದ ಅಂತರ್ಯುದ್ಧದಿಂದ ಲ್ಯಾಂಕಾಷೈರ್ ಗಿರಣಿಗಳಿಗೆ ಹತ್ತಿ ದುರ್ಲಭವಾಗಿದ್ದ ಕಾಲ. ಧಾರವಾಡದ ಹತ್ತಿಗೆ ಒಳ್ಳೆಯ ಬಂದರು ಬೇಕೆಂದು ಮುಂಬಯಿಯ ವರ್ತಕರು ಒತ್ತಾಯಿಸಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಲಾಯಿತು. ಹೀಗೆ, ಒಂದು ಜಿಲ್ಲೆಯ ಹಣೆಬರಹವನ್ನು ಹತ್ತಿಯ ಮೂಟೆ ಬದಲಿಸಿತೆಂದರೆ ತಪ್ಪಾಗಲಾರದು. ಕಾರವಾರಕ್ಕೆ ಹುಬ್ಬಳ್ಳಿಯಿಂದ ರೈಲು ಬರಬೇಕಿತ್ತು. ಅದು 1880ರ ದಶಕದಲ್ಲಿ ಗೋವೆಯ ಮರ್ಮಗೋವಾ ಕಡೆಗೆ ಹೊರಳಿತು. ಬಂದರು ಬಡವಾಯಿತು. ಕೊನೆಗೆ ಕಾರವಾರಕ್ಕೆ ದಕ್ಕಿದ್ದು ಕರಾವಳಿಯುದ್ದಕ್ಕೆ ಸಾಗುವ ಕೊಂಕಣ ರೈಲು, ಅದೂ 1990ರ ದಶಕದಲ್ಲಿ.

ನೌಕಾಪಡೆಯ ಲೆಕ್ಕಾಚಾರವೇ ಬೇರೆ. 1986ರಲ್ಲಿ ಪ್ರಧಾನಿ ರಾಜೀವ್ ಗಾಂಧಿ 'ಸೀಬರ್ಡ್' ಯೋಜನೆಗೆ ಅಡಿಗಲ್ಲು ಹಾಕಿದರು. 2005ರಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ಅದಕ್ಕಾಗಿ ಗುಡ್ಡದ ದಕ್ಷಿಣದ ಬಿಣಗಾ, ಅರ್ಗಾ ಮೊದಲಾದ ಊರುಗಳ ಸಾವಿರಾರು ಕುಟುಂಬಗಳು ನೆಲ ಬಿಟ್ಟುಕೊಟ್ಟವು. ಮೀನುಗಾರರ ಪಾಲಿಗೆ ಅಲ್ಲಿನ ಕಡಲತೀರವೂ ಹೋಯಿತು.

ಬೇರೆಡೆ ಹೋಗಬಹುದಲ್ಲ ಎಂದು ಓದುಗರು ಕೇಳಬಹುದು. ದಡದಿಂದಲೇ ಹತ್ತಾರು ಮಂದಿ ಸೇರಿ ಎಳೆಯುವ ರಾಂಪಣಿಯಂಥ ಬಲೆಗೆ ಉದ್ದನೆಯ, ತಡೆಯಿಲ್ಲದ ಮರಳ ದಂಡೆಯೇ ಬೇಕು. ಬಂಗಡೆ ಹಿಂಡು ದಡಕ್ಕೆ ಬಂದರೂ ಬಲೆ ಎಳೆಯಲು ಜಾಗವಿಲ್ಲದಿದ್ದರೆ ಏನು ಫಲ? ವಾಣಿಜ್ಯ ಬಂದರಿನ ವಿಸ್ತರಣೆಗೆಂದು ಟಾಗೋರ್ ಕಡಲತೀರದ ಬಳಿ ತಡೆಗೋಡೆ ಕೆಲಸ ಶುರುವಾದಾಗ, 2020ರ ಜನವರಿಯಲ್ಲಿ ಮೀನುಗಾರರು ಬೀದಿಗಿಳಿದದ್ದು ಇದೇ ಕಾರಣಕ್ಕೆ. ನಗರದ ಎದುರು ಅವರಿಗೆ ಉಳಿದಿದ್ದ ಮರಳದಂಡೆ ಅದೊಂದೇ.